ಗಂಡನ ಹೆಸರು ಬರುವ ಪಾಠಗಳನ್ನು ಗಟ್ಟಿಯಾಗಿ ಓದಿಸುವ ಕುರಿತು

ಅನೌಪಚಾರಿಕ ಹಾಗೂ ತತ್ಸಂಬಂಧಿತ ಶಿಕ್ಷಣ ಇಲಾಖೆ
ಉಪವಿಭಾಗೀಯ ಕಚೇರಿ (ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು)
ಬಿಡಾರ: ಶಹಾಪುರ, ಹಳೆಯ ಗೋದಾಮಿನ ಹಿಂಬದಿ

ಸಂಖ್ಯೆ: ಅತಶಿಇ/ಓದು/ಗಂಹೆ/೧೭/೧೯೯೩-೯೪
ದಿನಾಂಕ: ೧೮-೮-೧೯೯೩

ಸುತ್ತೋಲೆ

ವಿಷಯ: ವಯಸ್ಕ ಮಹಿಳಾ ಕಲಿಕಾರ್ಥಿಗಳು ಮೌಖಿಕ ಪರೀಕ್ಷೆಯಲ್ಲಿ ತಮ್ಮ ತಮ್ಮ ಗಂಡಂದಿರ ಹೆಸರಿರುವ ಪದದ ಬಳಿ ಬಂದು ನಿಂತುಬಿಡುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(೧) ಪರೀಕ್ಷಕರಾದ ಶ್ರೀ ಜಗದೇವಪ್ಪ ಇವರ ವರದಿ.
(೨) ಸದರಿ ವರದಿಯನ್ನು ದಯವಿಟ್ಟು ಹಿಂದಿರುಗಿಸಬೇಕೆಂದು ಕೋರಿ ಅವರೇ ಬರೆದ ಪತ್ರ.
(೩) ನಾರಾಯಣಪುರದ ನೀರಾವರಿ ಕಚೇರಿಯ ಉತ್ತರ ("ಇನ್ನು ಮುಂದೆ ಈ ವಿಷಯವಾಗಿ ಬರೆಯಬೇಡಿ" ಎಂಬ ಷರಾ ಸಹಿತ).
(೪) ಇದೇ ವಿಷಯದ ಬಗ್ಗೆ ಈ ಕಚೇರಿಯ ಹಿಂದಿನ ಸುತ್ತೋಲೆ. ಗೆದ್ದಲು ಹಿಡಿದಿರುವುದರಿಂದ ಓದಲು ಲಭ್ಯವಿಲ್ಲ, ಆದರೆ ಜಾರಿಯಲ್ಲಿದೆ.

ಪೀಠಿಕೆ

ಗೋಗಿ ಸಮೀಪದ, ಕಾಲುವೆ ಕೆಳಗಿನ ಒಂದು ಗ್ರಾಮದಲ್ಲಿ ಈ ಇಲಾಖೆಯ ಹದಿನೇಳನೇ ಕೇಂದ್ರವು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿದೆ. ಕೇಂದ್ರಕ್ಕೆ ಸ್ವಂತ ಕಟ್ಟಡವಿಲ್ಲ. ಇದು ಅನೌಪಚಾರಿಕ ಶಿಕ್ಷಣದ ತತ್ವಕ್ಕೆ ಅನುಗುಣವಾಗಿಯೇ ಇದ್ದು, ಬಾಗಿಲು, ಕಿಟಕಿ, ಕರಿಹಲಗೆ ಮುಂತಾದ ಔಪಚಾರಿಕತೆಗಳನ್ನು ಇಲಾಖೆಯು ಬುದ್ಧಿಪೂರ್ವಕವಾಗಿಯೇ ಒದಗಿಸಿರುವುದಿಲ್ಲ. ಇಲ್ಲಿ ಕಲಿಸುವವರು ಶ್ರೀಮತಿ ಮಲ್ಲಾಬಾಯಿ. ಕಲಿಯುವವರು ಹಗಲೆಲ್ಲ ಪರರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರು.

ಇವರ ಪೈಕಿ ಶ್ರೀಮತಿ ಮರಿಲಿಂಗಮ್ಮ ಎಂಬವರು ಇಲಾಖೆಯ ಪಾಠಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಿರುತ್ತಾರೆ. ಇಂಥದ್ದು ಇಲಾಖೆಯಲ್ಲಿ ಹಿಂದೆಂದೂ ಸಂಭವಿಸದ ಕಾರಣ, ಮುಗಿಸಿದವರನ್ನು ಮುಂದೇನು ಮಾಡಬೇಕೆಂಬ ಬಗ್ಗೆ ನಿಯಮಗಳು ಇರಲಿಲ್ಲ. ಸದರಿಯವರೇ ಒಂದು ದಾರಿ ತೋರಿಸಿ, ತಮ್ಮೂರಿನ ಅಂಗನವಾಡಿಯಲ್ಲಿ ಸಹಾಯಕಿಯ ಸ್ಥಾನ ಖಾಲಿ ಇದೆಯೆಂದೂ, ಓದು ಬರಹ ಬಲ್ಲವರೆಂಬ ಪ್ರಮಾಣಪತ್ರವನ್ನು ಆಗಸ್ಟ್ ಮುಗಿಯುವುದರೊಳಗೆ ಒಪ್ಪಿಸಿದರೆ ಆ ಕೆಲಸ ತಮಗೆ ಸಿಗುವುದೆಂದೂ, ತಪ್ಪಿದರೆ ಬೇರೆ ಊರಿನವರನ್ನು ತಂದು ಕೂಡಿಸುವರೆಂದೂ ತಿಳಿಸಿ ಅರ್ಜಿ ಸಲ್ಲಿಸಿದರು. ಅರ್ಜಿಯನ್ನು ಅವರು ಸ್ವಹಸ್ತದಿಂದ ಬರೆದಿದ್ದರಿಂದ, ಅವರಿಗೆ ಬರೆಯಲು ಬರುತ್ತದೋ ಇಲ್ಲವೋ ನೋಡಿಕೊಂಡು ಬರಲು ಪರೀಕ್ಷಕರನ್ನು ಕಳುಹಿಸಲಾಯಿತು. ಅಲ್ಲಿಂದ ಶುರುವಾದ ತೊಂದರೆಗಳನ್ನೂ, ಅವುಗಳ ನಿವಾರಣೆಗಾಗಿ ರೂಪಿಸಿದ ನಿಯಮಗಳನ್ನೂ ಈ ಕೆಳಗೆ ವಿವರಿಸಲಾಗಿದ್ದು, ಅರ್ಥವಾದವರು ಅರ್ಥವಾಗದವರಿಗೆ ವಿವರಿಸತಕ್ಕದ್ದು.

೧. ಮೊದಲ ಪರೀಕ್ಷೆ

ಪರೀಕ್ಷಕರು "ನಮ್ಮ ನದಿಗಳು" ಎಂಬ ಪಾಠವನ್ನು ತೆರೆದು ಗಟ್ಟಿಯಾಗಿ ಓದಲು ಸೂಚಿಸಿದರು. ಪಾಠದ ಮೊದಲ ಸಾಲು "ಭೀಮಾ ನದಿ ಬಂತು" ಎಂದಿರುತ್ತದೆ. ಅಭ್ಯರ್ಥಿಯು ಪುಸ್ತಕವನ್ನು ನೋಡಿದರು. ಪರೀಕ್ಷಕರನ್ನು ನೋಡಿದರು. ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಬಳಿಕ "ನಮ್ಮ ಮನಿಯವರ ಹೊಳಿ ಬಂತು" ಎಂದು ಓದಿದರು. ಎರಡನೆಯ ಸಾಲಿನ "ಕೃಷ್ಣಾ ನದಿ ಬಂತು" ಎಂಬುದನ್ನು ಯಾವ ಅಡೆತಡೆಯಿಲ್ಲದೆ ಓದಿದರು. ಮೂರನೆಯ ಸಾಲಿನಲ್ಲಿ ಮತ್ತೆ "ನಮ್ಮ ಮನಿಯವರು ಕೃಷ್ಣಾ ನದಿಗೆ ಕೂಡಿದರು" ಎಂದು ಓದಿದ್ದಾಗಿ ವರದಿಯಾಗಿದೆ.

ಇಡೀ ನದಿಯ ಮೇಲೆ ಒಬ್ಬ ಖಾಸಗಿ ವ್ಯಕ್ತಿಯ ಹಕ್ಕು ಸಾಧಿಸಲಾಗುತ್ತಿರುವುದು ಗಂಭೀರ ವಿಷಯವಾದ್ದರಿಂದ ನೀರಾವರಿ ಕಚೇರಿಗೆ ಪತ್ರ ಬರೆಯಲಾಯಿತು. ಭೀಮಾ ನದಿಯು ಯಾರ ಮನೆಯವರದೂ ಅಲ್ಲವೆಂದೂ, ಅದು ಮಹಾರಾಷ್ಟ್ರದಿಂದ ಬರುತ್ತದೆಂದೂ ಅವರು ಉತ್ತರಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಅದು ಯಾರ ಮನೆಯವರದೆಂದು ಅವರು ತಿಳಿಸಿರುವುದಿಲ್ಲ.

೨. ಇತರರ ಪರೀಕ್ಷೆ

ಅದೇ ದಿನ ಶ್ರೀಮತಿ ಬಸ್ಸಮ್ಮ ಅವರಿಗೆ ಆಕಾಶದ ಚಿತ್ರ ತೋರಿಸಿ, ಅದರ ಕೆಳಗೆ ಬರೆದ "ಚಂದ್ರ" ಎಂಬ ಪದವನ್ನು ಓದಲು ತಿಳಿಸಲಾಯಿತು. ಸದರಿಯವರು ತಲೆ ತಗ್ಗಿಸಿ, "ರಾತ್ರಿ ಬರ್ತಾನಲ್ರಿ, ಅಂವ" ಎಂದರು. ರಾತ್ರಿ ಯಾರು ಬರುತ್ತಾನೆಂದು ಪರೀಕ್ಷಕರು ಪುನಃ ವಿಚಾರಿಸಲಾಗಿ, "ಎಲ್ಲಾರ ಮನಿ ಮ್ಯಾಲೂ ಬರ್ತಾನ್ರಿ, ನಿಮ್ಮ ಮನಿ ಮ್ಯಾಲೂ ಬರ್ತಾನ" ಎಂದು ಉತ್ತರಿಸಿದರು. ಪರೀಕ್ಷಕರು ಜಾಗರೂಕ ನೌಕರರಾದ್ದರಿಂದ ಈ ಬಗ್ಗೆ ಪೊಲೀಸರಿಗೆ ತಿಳಿಸಿದರು. ಊರಿನಲ್ಲಿ ಗಸ್ತು ಹಾಕಿದ ಪೊಲೀಸರು, ರಾತ್ರಿ ಬಂದವನನ್ನು ತಾವು ಕಣ್ಣಾರೆ ಕಂಡಿದ್ದಾಗಿಯೂ, ಹಿಡಿಯಲು ಎತ್ತರ ಸಾಲದೆ ಬಿಟ್ಟು ಬಂದಿದ್ದಾಗಿಯೂ ತಿಳಿಸಿರುತ್ತಾರೆ. ಬಸ್ಸಮ್ಮ ಅವರ ಗಂಡನ ಹೆಸರು ಚಂದ್ರಾಮಪ್ಪ ಎಂಬುದು ಆ ನಂತರ ತಿಳಿದುಬಂತು.

ಶ್ರೀಮತಿ ಹಣಮಮ್ಮ ಅವರು "ಗುರುವಿಗೆ ನಮಸ್ಕಾರ" ಎಂಬ ಸಾಲಿಗೆ ಬಂದಾಗ ಮಾತಾಡದೆ ಎದ್ದು ಹೋಗಿ ಮಲ್ಲಾಬಾಯಿಯವರ ಕಾಲು ಮುಟ್ಟಿ, ಮರಳಿ ಬಂದು ಕುಳಿತು, ಮುಂದಿನ ಸಾಲು ಓದಿದರು. ಇವರ ಗಂಡನ ಹೆಸರು ಗುರಣ್ಣ. ಈ ಸಾಲು ಪಾಠದಲ್ಲಿ ಪದೇ ಪದೇ ಬರುವುದರಿಂದ ಬೋಧಕಿಯು ಕಡೆಗೆ ಕಾಲು ಮಡಚಿ ಸೀರೆಯೊಳಗೆ ಇಟ್ಟುಕೊಳ್ಳಬೇಕಾಯಿತು. ಪರೀಕ್ಷಕರು ಇವರೆಲ್ಲರ ಹೆಸರಿನ ಮುಂದೆ "ಓದಲು ಬರುವುದಿಲ್ಲ" ಎಂದು ಬರೆದು ಬಸ್ಸು ಹತ್ತಿದರು.

೩. ವಿಚಾರಣೆ ಮತ್ತು ಹೇಳಿಕೆಗಳು

ಇಷ್ಟೊಂದು ಹೆಂಗಸರು ಇಷ್ಟು ವ್ಯವಸ್ಥಿತವಾಗಿ ನಪಾಸಾಗಿದ್ದು ಸಂಶಯಾಸ್ಪದವಾಗಿ ಕಂಡುಬಂದದ್ದರಿಂದ ಕೆಳಸಹಿದಾರರು ಪರೀಕ್ಷಕರನ್ನೂ ಕರೆದುಕೊಂಡು ಖುದ್ದಾಗಿ ಸ್ಥಳಕ್ಕೆ ತೆರಳಿದರು. ಜೀಪಿಗೆ ಡೀಸೆಲ್ ಇಲ್ಲದ್ದರಿಂದ ಟಂಟಂನಲ್ಲಿ, ಎರಡು ಆಡು ಹಾಗೂ ಒಂದು ಮೂಟೆ ಉಳ್ಳಾಗಡ್ಡಿಯೊಂದಿಗೆ ತೆರಳಿದರೆಂಬುದನ್ನು ದಾಖಲೆಗಾಗಿ ನಮೂದಿಸಲಾಗಿದೆ. ಅಲ್ಲಿ ಪಡೆದ ಹೇಳಿಕೆಗಳನ್ನು, ಹೇಳಿದವರ ಮಾತಿನಲ್ಲೇ, ತಿದ್ದದೆ ಕೆಳಗೆ ಕೊಡಲಾಗಿದೆ.

(ಅ) ಬೋಧಕಿ ಮಲ್ಲಾಬಾಯಿ: "ಸಾಹೇಬ್ರ, ನಮ್ಮ ಕಡಿ ಹೆಣ್ಮಕ್ಕಳು ಗಂಡನ ಹೆಸರು ಬಾಯಿಲೆ ಹೇಳಂಗಿಲ್ರಿ. ಆ ಹೆಸರು ಯಾ ಮಾತಿನಾಗ ಬಂದ್ರೂ ಹೇಳಂಗಿಲ್ಲ. ನದಿ ಇರ್ಲಿ, ಚಂದ್ರ ಇರ್ಲಿ. ಇದೇನು ಹೊಸಾದೇನ್ರಿ? ನಿಮ್ಮ ಪರೀಕ್ಷಕರು ಇದೇ ನೆಲದಾಗ ಹುಟ್ಟಿದವ್ರು. ಅವರ ಹೆಂಡ್ತಿ ಅವರಿಗಿ ಏನಂತ ಕರೀತಾರ, ಒಂದೀಟು ಕೇಳ್ರಿ."

ಕೇಳಲಾಯಿತು. ತಮ್ಮನ್ನು "ಏನ್ರಿ, ಕೇಳಿದ್ರ್ಯಾ" ಎಂದು ಕರೆಯುವುದಾಗಿ ಪರೀಕ್ಷಕರು ಒಪ್ಪಿಕೊಂಡು, ಉಲ್ಲೇಖ (೨)ರ ಪತ್ರವನ್ನು ಅಲ್ಲಿಯೇ ಕೂತು ಬರೆದುಕೊಟ್ಟರು. ಕೆಳಸಹಿದಾರರಿಗೂ ಮದುವೆಯಾಗಿ ಬಹುಕಾಲವಾಗಿದ್ದು, ತಮ್ಮ ಹೆಸರನ್ನು ಸ್ವಂತ ಮನೆಯಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ. ಧರ್ಮಪತ್ನಿಯವರಿಗೆ ತಮ್ಮ ಮೇಲೆ ಸಿಟ್ಟಿರಬಹುದೆಂದು ಇಷ್ಟು ವರ್ಷ ತಿಳಿದಿದ್ದರು. ಸದರಿ ವಿಚಾರಣೆಯಿಂದ ಅವರಿಗೆ ವೈಯಕ್ತಿಕವಾಗಿ ಸಮಾಧಾನವಾಗಿದೆ. ಇದಕ್ಕೂ ಅಭ್ಯರ್ಥಿಯ ಫಲಿತಾಂಶಕ್ಕೂ ಸಂಬಂಧವಿರುವುದಿಲ್ಲ.

(ಆ) ಅಭ್ಯರ್ಥಿಯ ಗಂಡ ಭೀಮರಾಯ: "ಅಕಿ ನನ್ನ ಹೆಸರು ಹೇಳಿದ್ರ ನನ್ನ ಆಯುಷ್ಯ ಕಮ್ಮಿ ಆಗತದಂತ ಅಕಿ ಅವ್ವ ಹೇಳ್ಯಾಳ್ರಿ. ನಾ ಅಂದೆ, ಆಗ್ಲಿ ಬಿಡು, ನಾಕು ದಿನ ಕಮ್ಮಿ ಆದ್ರ ಏನ್ ಮುಣಗತದ, ಆ ಕೆಲಸ ಸಿಕ್ರ ಉಳಿದ ದಿನ ಸುಖಾದಿಂದ ಇರಮು. ಇಷ್ಟ ಅಂದಿದ್ದಕ್ಕ ಅಕಿ ಎರಡು ದಿನ ಬಾಯಾಗ ನೀರ ಹಾಕಲಿಲ್ರಿ. ಇನ್ನ ನಾ ಹೇಳಂಗಿಲ್ಲ. ಬೇಕಾದ್ರ ನನ್ನ ಹೆಸರೇ ಬದಲಿ ಮಾಡ್ರಿ."

ಓರ್ವ ನಾಗರಿಕನ ಆಯುಷ್ಯದಲ್ಲಿ ನಾಲ್ಕು ದಿನ ಕಡಿತವಾಗುವ ಪ್ರಶ್ನೆಯು ಆರೋಗ್ಯ ಇಲಾಖೆಗೆ ಸಂಬಂಧಿಸಿದ್ದರಿಂದ ಅವರ ಅಭಿಪ್ರಾಯ ಕೋರಲಾಗಿದೆ. ಹೆಸರು ಬದಲಿಸುವ ಸೂಚನೆಯನ್ನು ಮಾತ್ರ ಈ ಕಚೇರಿಯು ಬಹಳ ಮೆಚ್ಚಿಕೊಂಡಿದ್ದು, ಕಲಮು ೬ ನೋಡುವುದು.

(ಇ) ಅಭ್ಯರ್ಥಿ ಮರಿಲಿಂಗಮ್ಮ: "ಓದಾಕ ಬರ್ತದ್ರಿ. ಕಣ್ಣಿಲೆ ಓದೀನಿ, ಮನಸಿನಾಗ ಓದೀನಿ, ಬಾಯಿಗಿ ಬರಂಗಿಲ್ಲ. ಬರದು ತೋರಸ್ಲೇನ್ರಿ? ಬರಿಯಾಕ ಯಾರ ಆಣಿನೂ ಇಲ್ಲ. ಸಾಹೇಬ್ರ, ಕೆಸರಾಗ ನಿಂತು ನಿಂತು ಕಾಲಬೆರಳಿನ ಸಂದಿ ಹುಣ್ಣಾಗ್ಯಾವ್ರಿ. ಈ ಹಂಗಾಮು ಹ್ಯಾಂಗೋ ತೆಗದೀನಿ. ಬರೂ ಹಂಗಾಮಿಗಿ ಕೆಸರಿಗಿ ಇಳಿಯಾದು ನನ್ನ ಕೈಲೆ ಆಗಂಗಿಲ್ಲ. ಅಂಗನವಾಡ್ಯಾಗ ನೆಲ ಒಣಗಿರತದ್ರಿ. ಅಷ್ಟ ಸಾಕು ನನಗ."

ಹೀಗೆಂದವರೇ ಪಾಟಿ ತೆಗೆದುಕೊಂಡು, ದುಂಡಗಿನ ಅಕ್ಷರದಲ್ಲಿ "ಭೀಮಾ ನದಿ ಬಂತು" ಎಂದು ತಪ್ಪಿಲ್ಲದೆ ಬರೆದು ತೋರಿಸಿದರು. ಇದರಿಂದ ಪ್ರಕರಣವು ಇನ್ನಷ್ಟು ಜಟಿಲವಾಯಿತು. ಇಲಾಖೆಯ ಅಚ್ಚಾದ ನಮೂನೆಯಲ್ಲಿ "ಓದಬಲ್ಲರು, ಬರೆಯಲಾರರು" ಎಂಬ ಮನೆಯಿದೆ, "ಎರಡೂ ಬಾರದು" ಎಂಬ ಮನೆ ಎಲ್ಲಕ್ಕಿಂತ ದೊಡ್ಡದಾಗಿದೆ. "ಬರೆಯಬಲ್ಲರು, ಓದಲಾರರು" ಎಂಬ ಮನೆ ಇಲ್ಲ. ನಮೂನೆಯಲ್ಲಿ ಇಲ್ಲದ ಮನುಷ್ಯರು ಊರಿನಲ್ಲಿ ಇರುವುದು ಹೇಗೆಂದು ಮೇಲಿನವರನ್ನು ಕೇಳಲಾಗಿದೆ.

೪. ಎರಡನೆಯ ಪರೀಕ್ಷೆ ಮತ್ತು ಒಡಪಿನ ಗಲಾಟೆ

ಮಾನವೀಯ ದೃಷ್ಟಿಯಿಂದ ಅಭ್ಯರ್ಥಿಗೆ ಇನ್ನೊಂದು ಅವಕಾಶ ನೀಡಲಾಯಿತು. ಮದುವೆ, ಕುಪ್ಪಸದ (ಸೀಮಂತದ) ಕಾರ್ಯಗಳಲ್ಲಿ ಗಂಡನ ಹೆಸರನ್ನು ಒಡಪು, ಅಂದರೆ ಪ್ರಾಸದ ಚುಟುಕು ಪದ, ಕಟ್ಟಿ ಹೇಳಿದರೆ ದೋಷವಿಲ್ಲವೆಂಬ ರೂಢಿಯನ್ನು ಬೋಧಕಿ ಮಲ್ಲಾಬಾಯಿ ಅಭ್ಯರ್ಥಿಗೆ ಜ್ಞಾಪಿಸಿದರೆಂದು ತಿಳಿದುಬಂದಿದೆ. ಜ್ಞಾಪಿಸುವುದು ಬೋಧಕಿಯ ಕರ್ತವ್ಯಗಳ ಪಟ್ಟಿಯಲ್ಲಿಲ್ಲ. ಪರಿಣಾಮವಾಗಿ ಅಭ್ಯರ್ಥಿಯು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಈ ಪ್ರಕಾರ ಓದಲಾರಂಭಿಸಿದರು:

"ನಾರಾಯಣಪುರದ ನೀರ ಬಂತು, ಗದ್ದಿಗಿ ಸಸಿ ಹಚ್ಚೀನಿ,
ಭೀಮರಾಯರ ಹೆಸರ ಹೇಳಿ ನದಿಯ ಪಾಠ ಬಿಚ್ಚೀನಿ."

ಇದಾದ ಕೂಡಲೇ "ಭೀಮಾ ನದಿ ಬಂತು" ಎಂದು ಸ್ಪಷ್ಟವಾಗಿ ಓದಿದರು. ಕಟ್ಟೆಯ ಸುತ್ತ ಸೇರಿದ್ದ ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಪರೀಕ್ಷಕರು ಸಹ ತಟ್ಟಿದರೆಂಬ ದೂರಿನ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆದಿದೆ.

ಆದರೆ ಒಂದು ಒಡಪು ಒಂದು ಸಲಕ್ಕೆ ಮಾತ್ರ ನಡೆಯುತ್ತದಂತೆ. ಈ ನದಿಯ ಹೆಸರು ಪಾಠದಲ್ಲಿ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಹೊಸ ಒಡಪು ಕಟ್ಟಲಾಯಿತು. ನಡುನಡುವೆ ಬಸ್ಸಮ್ಮ, ಹಣಮಮ್ಮ ಇವರುಗಳು ತಮ್ಮ ತಮ್ಮ ಒಡಪುಗಳನ್ನೂ ಸೇರಿಸಿ, ಪರೀಕ್ಷಕರೂ ತಮ್ಮ ಹೆಂಡತಿಯ ಹೆಸರಿಗೆ ಒಂದು ಕಟ್ಟಲೇಬೇಕೆಂದು ಪಟ್ಟು ಹಿಡಿದರು. ಯಾರೋ ಚಹಾ ತಂದರು. ಯಾರೋ ಮಂಡಾಳು (ಮಂಡಕ್ಕಿ) ಒಗ್ಗರಣೆ ತಂದರು. ಚಿಕ್ಕದೊಂದು ಪಾಠ ಮುಗಿಯುವಷ್ಟರಲ್ಲಿ ಶಹಾಪುರದ ಕಡೆಯ ಬಸ್ಸು ಹೋಗಿತ್ತು.

ಉತ್ತರವನ್ನು ನಿಯಮಾನುಸಾರ ಪರಿಶೀಲಿಸಲಾಗಿ, ಪುಸ್ತಕದಲ್ಲಿ ಇರುವ ಮಾತುಗಳಿಗಿಂತ ಇಲ್ಲದ ಮಾತುಗಳನ್ನೇ ಅಭ್ಯರ್ಥಿಯು ಹೆಚ್ಚಾಗಿ ಓದಿರುವುದು ಕಂಡುಬಂದಿದೆ. ಕಡಿಮೆ ಓದಿದವರಿಗೆ ಕೃಪಾಂಕ ಕೊಡಲು ಅವಕಾಶವಿದೆ. ಹೆಚ್ಚು ಓದಿದವರನ್ನು ಕ್ಷಮಿಸಲು ಅವಕಾಶವಿಲ್ಲ.

೫. ಗಂಡನ ಹೆಸರಿನ ಘೋಷಣೆ

ಮೇಲ್ಕಂಡ ಹಿನ್ನೆಲೆಯಲ್ಲಿ, ಇನ್ನು ಮುಂದೆ ಪ್ರತಿಯೊಬ್ಬ ಕಲಿಕಾರ್ಥಿಯು ತನ್ನ ಗಂಡನ ಹೆಸರನ್ನು ತನ್ನ ಬಾಯಿಂದಲೇ ಬೋಧಕಿಯ ಮುಂದೆ ಗಟ್ಟಿಯಾಗಿ ಹೇಳಿ, ಆ ಹೆಸರನ್ನು ಹೇಳಲು ತನಗೆ ಬರುವುದಿಲ್ಲವೆಂದು ಘೋಷಿಸತಕ್ಕದ್ದು. ಹೇಳಲಾಗದವರ ಪರವಾಗಿ ನೆರೆಮನೆಯಾಕೆ ಹೇಳಬಹುದು. ಆಕೆಯ ಮಾವನಿಗೋ ಭಾವನಿಗೋ ಅದೇ ಹೆಸರಿದ್ದಲ್ಲಿ ಅದರಾಚೆ ಮನೆಯಾಕೆ ಹೇಳಬಹುದು. ಹೀಗೆ ಓಣಿ ಮುಗಿದರೆ ಮುಂದಿನ ಓಣಿ, ಊರು ಮುಗಿದರೆ ಮುಂದಿನ ಊರು. ಸುರಪುರ ದಾಟಿ ಹುಣಸಗಿಯವರೆಗೆ ಕೇಳಿಕೊಂಡು ಹೋಗಲು ಅನುಮತಿ ಇದೆ. ಅಲ್ಲಿಯೂ ಯಾರೂ ಹೇಳದಿದ್ದರೆ ಆ ಗಂಡನಿಗೆ ಹೆಸರೇ ಇಲ್ಲವೆಂದು ಭಾವಿಸಿ ಮುಂದುವರಿಯುವುದು.

ಈ ಪದ್ಧತಿಯು ಒಂದೇ ಧರ್ಮದವರದೆಂದು ಯಾರೂ ತಿಳಿಯಬಾರದು. ಇದೇ ಕೇಂದ್ರದ ಶ್ರೀಮತಿ ಮುನ್ನಿಬೀ ಅವರು ಗಂಡನ ಹೆಸರಿನ ಜಾಗದಲ್ಲಿ "ಮದೀನಾಬೀಯ ಅಪ್ಪ" ಎಂದು ಬರೆಯಿಸಿರುತ್ತಾರೆ. ಮದೀನಾಬೀಯ ಅಪ್ಪನನ್ನು ಕಚೇರಿಗೆ ಕರೆಸಲಾಗಿ ಅವರು ತಮ್ಮ ಹೆಸರನ್ನು ಹೇಳಿದರು. ಆಗ ಗುಮಾಸ್ತರು ಚಹಾಕ್ಕೆ ಹೋಗಿದ್ದರಿಂದ ದಾಖಲಾಗಿಲ್ಲ. ಮತ್ತೊಮ್ಮೆ ಕರೆಸಿದಾಗ, ಒಮ್ಮೆ ಹೇಳಿಯಾಗಿದೆ ಎಂದು ಅವರು ಬೇಸರಪಟ್ಟುಕೊಂಡರು.

೬. ಪಾಠದ ವೇಳೆಯ ಹೆಸರು

ಪಾಠ ನಡೆಯುವಷ್ಟು ಹೊತ್ತು ಕಲಿಕಾರ್ಥಿಗಳ ಗಂಡಂದಿರು ತಮ್ಮ ನಿಜನಾಮವನ್ನು ಬಿಟ್ಟು ಇಲಾಖೆ ಕೊಟ್ಟ ಹೆಸರಿನಿಂದ ಗುರುತಿಸಲ್ಪಡತಕ್ಕದ್ದು. ಆ ಹೆಸರು ಪಾಠಮಾಲೆಯಲ್ಲಿ ಎಲ್ಲಿಯೂ ಬರಬಾರದು. ಇಡೀ ಪಾಠಮಾಲೆಯನ್ನು ಶೋಧಿಸಲಾಗಿ "ಜಂಟಿ ನಿರ್ದೇಶಕ" ಎಂಬ ಮಾತು ಒಮ್ಮೆಯೂ ಬಂದಿಲ್ಲ. ಆದಕಾರಣ ಸಂಜೆ ಪಾಠದ ವೇಳೆಯಲ್ಲಿ ಎಲ್ಲ ಗಂಡಂದಿರೂ ಜಂಟಿ ನಿರ್ದೇಶಕರೆಂದು ಕರೆಯಲ್ಪಡುವರು. ಇದರಿಂದ ಹೆಂಗಸರಿಗೆ ಜಂಟಿ ನಿರ್ದೇಶಕರ ಹೆಸರೆತ್ತಲು ಆಗದಂತಾಗುತ್ತದೆ. ಈವರೆಗೆ ಅವರು ಎತ್ತಿದ್ದೂ ಇಲ್ಲ.

ಈ ಹೆಸರು ಪಡೆದ ಗಂಡಂದಿರು ಕುರ್ಚಿ ಕೇಳಬಾರದು. ಕಡತ ತಡೆಹಿಡಿಯಬಾರದು. ಗುಡಿಯ ಕಟ್ಟೆಯ ಮೇಲೆ ಕೂತು ಪಾಠ ಪರಿಶೀಲಿಸಲು ಬರಬಾರದು. ಪ್ರಯೋಗಾರ್ಥವಾಗಿ ಜಾರಿಗೆ ತಂದ ಮೊದಲ ಸಂಜೆಯೇ ಒಬ್ಬ ಜಂಟಿ ನಿರ್ದೇಶಕರು ತಮ್ಮ ಹೆಂಡತಿಯ ಕೈಯಿಂದ ಪಾಟಿ ಕಸಿದುಕೊಂಡು, ಅಡಿಗೆಯಾಗಿಲ್ಲವೆಂದು ವಿವರಣೆ ಕೇಳಿರುತ್ತಾರೆ. ಅಂಥವರನ್ನು ಕೂಡಲೇ ಮೂಲ ಹೆಸರಿಗೆ ಹಿಂಬಡ್ತಿ ನೀಡಲಾಗುವುದು.

೭. ಮದುವೆಯಾಗದವರ ಬಗ್ಗೆ

ಮದುವೆಯಾಗದ ಕಲಿಕಾರ್ಥಿಗಳು ಎಲ್ಲ ಅಕ್ಷರಗಳನ್ನೂ ಧಾರಾಳವಾಗಿ ಓದುತ್ತಿರುವುದು ಗಮನಕ್ಕೆ ಬಂದಿದೆ. ಇದು ತಾತ್ಕಾಲಿಕ. ಹೆಣ್ಣು ನೋಡಲು ಬರುವ ವರನ ಹೆಸರನ್ನು ಪಾಠಮಾಲೆಯೊಂದಿಗೆ ತಾಳೆ ನೋಡಿ, ಆ ಹೆಸರು ಬರುವ ಪಾಠ ಮುಗಿದಿದ್ದರೆ ಮಾತ್ರ ಮದುವೆಯ ಅಕ್ಕಿಕಾಳು ಹಾಕಲು ಒಪ್ಪಿಗೆ ನೀಡಲಾಗುವುದು. ಪಾಠ ಮುಗಿಯದಿದ್ದಲ್ಲಿ ವರನು ಕಾಯತಕ್ಕದ್ದು. ಕಾಯಲಾರದ ವರನು ಆ ಪಾಠ ಮುಗಿಸಿರುವ ಬೇರೊಬ್ಬ ಕನ್ಯೆಯನ್ನು ನೋಡಬಹುದು. ಹುಟ್ಟಲಿರುವ ಗಂಡುಮಕ್ಕಳಿಗೆ ತೊಟ್ಟಿಲಲ್ಲಿ ಹೆಸರಿಡುವಾಗ, ಮುಂದೆ ಅವರ ಹೆಂಡತಿಯರು ಓದಬೇಕಾದೀತೆಂಬ ದೂರದೃಷ್ಟಿ ಇರಲಿ.

೮. ಕಾಲುವೆಯ ನೀರು

ಕಾಲುವೆಗೆ ನೀರು ಬಿಟ್ಟ ಕೂಡಲೇ ಕಲಿಕಾರ್ಥಿಗಳೆಲ್ಲರೂ ಪಾಠ ಬಿಟ್ಟು ಗದ್ದೆಗೆ ಇಳಿಯುತ್ತಾರೆ. ಮೊದಲು ಈ ಸೀಮೆಯಲ್ಲಿ ನೀರು ಇರಲಿಲ್ಲ, ಆಗ ಇಲಾಖೆಯೂ ಇರಲಿಲ್ಲ, ಆದ್ದರಿಂದ ಸಮಸ್ಯೆ ಉದ್ಭವಿಸಿರಲಿಲ್ಲ. ಪಾಠದ ವೇಳೆ ಬಿಟ್ಟು ಉಳಿದ ವೇಳೆಯಲ್ಲಿ ಮಾತ್ರ ನೀರು ಬಿಡಬೇಕೆಂದು ನಾರಾಯಣಪುರಕ್ಕೆ ಬರೆಯಲಾಗಿತ್ತು. ಅವರು ಉಲ್ಲೇಖ (೩)ರ ಷರಾ ಬರೆದು ಕಳುಹಿಸಿದ್ದಾರೆ.

ಆದುದರಿಂದ ನಾಟಿಯ ದಿನಗಳಲ್ಲಿ ಹಾಜರಿಯನ್ನು ಕಾಲುವೆಯ ಏರಿಯ ಮೇಲೆ ನಿಂತು ತೆಗೆದುಕೊಳ್ಳತಕ್ಕದ್ದು. ಗದ್ದೆಯಲ್ಲಿ ಕಾಣುವ ಪ್ರತಿ ಬಗ್ಗಿದ ಬೆನ್ನನ್ನೂ ಹಾಜರೆಂದು ಪರಿಗಣಿಸುವುದು. ನಡು ನೋವೆಂದು ನೆಟ್ಟಗೆ ನಿಂತವರು ಗೈರು. ಕಲಿಕಾರ್ಥಿಗಳು ಬದುವಿನ ಹಸಿಮಣ್ಣಿನ ಮೇಲೆ ಕಡ್ಡಿಯಿಂದ ಅಕ್ಷರ ಬರೆದು ರೂಢಿ ಮಾಡುತ್ತಿರುವುದಾಗಿ ತಿಳಿದುಬಂದಿದ್ದು, ಅಂಥ ಅಕ್ಷರಗಳನ್ನು ನೀರು ಹಾಯುವ ಮುನ್ನ ಕಚೇರಿಗೆ ಜಮಾ ಮಾಡಿ ರಸೀದಿ ಪಡೆಯತಕ್ಕದ್ದು.

೯. ಒಡಪಿನ ನಿರ್ಬಂಧ

ಪರೀಕ್ಷೆಯಲ್ಲಿ ಒಡಪು ಹೇಳಬಯಸುವವರು ಅದನ್ನು ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಸಲ್ಲಿಸಿ ಮಂಜೂರಾತಿ ಪಡೆಯಬೇಕು. ಒಡಪಿನಲ್ಲಿ ಪ್ರಾಸವಿರಕೂಡದು, ಪ್ರಾಸದಿಂದ ಚಪ್ಪಾಳೆ ಉಂಟಾಗುತ್ತದೆ. ಗಂಡನನ್ನು ಹೊಗಳುವ ಒಡಪಿಗೆ ಗಂಡನ ನಡತೆಯ ಬಗ್ಗೆ ಪಂಚರ ದೃಢೀಕರಣ ಲಗತ್ತಿಸಬೇಕು. ಪರೀಕ್ಷಾ ಸ್ಥಳದಲ್ಲಿ ಮಂಡಾಳು ಒಗ್ಗರಣೆ ನಿಷಿದ್ಧ. ಪರೀಕ್ಷಕರ ತಟ್ಟೆಯಲ್ಲಿ ಈಗಾಗಲೇ ಬಡಿಸಿದ್ದಾದರೆ ಚೆಲ್ಲಬಾರದು.

೧೦. ಪಾಠಮಾಲೆಯ ಪರಿಷ್ಕರಣೆ

ಯಾರ ಗಂಡನ ಹೆಸರೂ ಬಾರದಂತೆ ಪಾಠಮಾಲೆಯನ್ನು ಹೊಸದಾಗಿ ರಚಿಸಲು ಸಮಿತಿಯನ್ನು ನೇಮಿಸಲಾಗಿತ್ತು. ಸಮಿತಿಯು ಮೂರೂ ತಾಲ್ಲೂಕುಗಳ ಗಂಡಂದಿರ ಹೆಸರುಗಳನ್ನು ಕಲೆಹಾಕಿ, ಅಂಥ ಪದಗಳನ್ನೆಲ್ಲ ತೆಗೆದುಹಾಕಿತು. ದೇವರುಗಳು ಮೊದಲು ಹೋದರು. ಬಳಿಕ ನದಿ, ಬೆಟ್ಟ, ಸೂರ್ಯ, ಚಂದ್ರ, ಬಂಗಾರ, ಮಲ್ಲಿಗೆ, ರಾಜ, ಗುರು ಇವೆಲ್ಲವೂ ಹೋದವು. ಪರಿಷ್ಕೃತ ಪಾಠಮಾಲೆಯಲ್ಲಿ ಈಗ ಬದನೆಕಾಯಿ, ಕಸಬರಿಗೆ ಮತ್ತು ಮುನ್ನುಡಿ ಉಳಿದಿವೆ. ಮುನ್ನುಡಿಯನ್ನು ಬರೆದವರು ಕೆಳಸಹಿದಾರರಾಗಿದ್ದು, ಅದರ ಕೊನೆಗೆ ಅವರ ಹೆಸರು ಅಚ್ಚಾಗಿದೆ. ಅಚ್ಚಾದ ಪ್ರತಿಯನ್ನು ಮನೆಗೊಯ್ದು ಧರ್ಮಪತ್ನಿಯವರಿಗೆ ಓದಲು ಕೊಟ್ಟಾಗ ಅವರು ಮುನ್ನುಡಿಯನ್ನು ಪೂರ್ತಿ ಓದಿ, ಕೊನೆಯ ಸಾಲಿಗೆ ಬಂದು, ಪುಸ್ತಕ ಮುಚ್ಚಿ ಊಟಕ್ಕೆ ಕರೆದರು.

೧೧. ಅಭ್ಯರ್ಥಿ ಮರಿಲಿಂಗಮ್ಮ ಅವರ ಬಗ್ಗೆ ಅಂತಿಮ ತೀರ್ಮಾನ

ಮೇಲಿನ ಎಲ್ಲ ಅಂಶಗಳನ್ನೂ ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಸದರಿಯವರು ಅರ್ಜಿ ಬರೆದಿದ್ದಾರೆ, ಪಾಟಿಯ ಮೇಲೆ ಬರೆದಿದ್ದಾರೆ, ಪಾಠವನ್ನು ಅರ್ಥ ಮಾಡಿಕೊಂಡಿದ್ದಾರೆ, ಪಾಠದಲ್ಲಿ ಇಲ್ಲದ್ದನ್ನೂ ಓದಿದ್ದಾರೆ. ಇವಾವುವೂ ನಿಗದಿತ ಕ್ರಮದಲ್ಲಿ ನಡೆದಿರುವುದಿಲ್ಲ. ಆದ್ದರಿಂದ ಸದರಿಯವರಿಗೆ ಓದಲು ಬರುವುದಿಲ್ಲವೆಂದು ಇಲಾಖೆಯು ತೀರ್ಮಾನಿಸಿದ್ದು, ಪ್ರಮಾಣಪತ್ರವನ್ನು ನಿರಾಕರಿಸಲಾಗಿದೆ. ಮುಂದಿನ ಪರೀಕ್ಷೆಯು ಮುಂದಿನ ವರ್ಷ, ನೀರು ನಿಂತ ಮೇಲೆ.

ಈ ಆದೇಶದಿಂದ ಕೆಳಸಹಿದಾರರಿಗೆ ಸಂತೋಷವಾಗಿಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಲು ಗುಮಾಸ್ತರಿಗೆ ಹೇಳಲಾಗಿತ್ತು. ಸಂತೋಷ, ಅಸಂತೋಷಗಳಿಗೆ ಲೆಕ್ಕಶೀರ್ಷಿಕೆ ಇಲ್ಲವೆಂದು ಅವರು ತಿಳಿಸಿದ್ದರಿಂದ ಇಲ್ಲಿಯೇ ನಮೂದಿಸಲಾಗಿದೆ.

ಸಹಿ/-
(ಮಹಾದೇವಪ್ಪ)
ಪ್ರಭಾರಿ ಉಪವಿಭಾಗಾಧಿಕಾರಿ
(ಮತ್ತು ಪ್ರಭಾರಿ ಗೋದಾಮು ಪಾಲಕ)

ಪ್ರತಿಗಳು:
೧. ಜಂಟಿ ನಿರ್ದೇಶಕರಿಗೆ, ಆದರಪೂರ್ವಕ. ಕಲಮು ೬ನ್ನು ಓದದೆ ಮುಂದೆ ಹೋಗಬೇಕಾಗಿ ವಿನಂತಿ.
೨. ಊರಿನ ಇತರ ಜಂಟಿ ನಿರ್ದೇಶಕರೆಲ್ಲರಿಗೆ, ಹೆಂಡತಿಯರ ಮುಖಾಂತರ.
೩. ನಾರಾಯಣಪುರದ ನೀರಾವರಿ ಕಚೇರಿಗೆ. ಬರೆಯಬೇಡಿ ಎಂದು ಅವರು ತಿಳಿಸಿರುವುದರಿಂದ ಖಾಲಿ ಲಕೋಟೆ ಮಾತ್ರ.
೪. ಪರೀಕ್ಷಕ ಜಗದೇವಪ್ಪ ಅವರಿಗೆ, ಚಪ್ಪಾಳೆಯ ಬಗ್ಗೆ ವಿವರಣೆ ಸಲ್ಲಿಸಲು.
೫. ಬೋಧಕಿ ಮಲ್ಲಾಬಾಯಿ ಅವರಿಗೆ, ಇನ್ನು ಮುಂದೆ ಏನನ್ನೂ ಜ್ಞಾಪಿಸದಿರಲು.
೬. ಶ್ರೀಮತಿ ಮರಿಲಿಂಗಮ್ಮ ಅವರಿಗೆ. ಸದರಿಯವರಿಗೆ ಓದಲು ಬರುವುದಿಲ್ಲವಾದ್ದರಿಂದ ಯಾರಾದರೂ ಓದಿ ಹೇಳಿ, ಹಿಂಬದಿಯಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು ಪಡೆದು ಮರಳಿಸತಕ್ಕದ್ದು.

(ಪ್ರತಿ ೬ರ ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ಬರೆದು ಬಂದಿರುವುದು, ಯಥಾವತ್ತು:)

ಮಹಾದೇವಪ್ಪ ಸಾಹೇಬರಿಗೆ ಮರಿಲಿಂಗಮ್ಮ ಮಾಡುವ ಶರಣು.

ನಿಮ್ಮ ಕಾಗದ ಬಂತು. ಯಾರೂ ಓದಿ ಹೇಳಲಿಲ್ಲ. ನಾನೇ ಕಟ್ಟಿ ಮ್ಯಾಲ ಕುಂತು ಓದಿದೆ. ದೊಡ್ಡ ದೊಡ್ಡ ಮಾತು ಬರದೀರಿ, ಅದಕ ಹೊತ್ತು ಹಿಡೀತು. ಮೊದಲನೇ ಕಲಮಿನಾಗ ನಾನು ಸೆರಗು ಬಾಯಿಗಿ ಇಟ್ಟುಕೊಂಡು ನಕ್ಕೆ ಅಂತ ಬರದೀರಿ. ನಾನು ನಗಲಿಲ್ಲರಿ. ಅಳು ಬಂದಿತ್ತು. ಗೊತ್ತಿದ್ದ ಮಾತು ಕಣ್ಣ ಮುಂದ ಇದ್ದು ಬಾಯಿಗಿ ಬರದಿದ್ರ ಹ್ಯಾಂಗ ಆಗತದ ಅಂತ ನಿಮಗ ಗೊತ್ತಿಲ್ಲ. ಹನ್ನೊಂದನೇ ಕಲಮು ಓದಿ ಭಾಳ ಸಿಟ್ಟು ಬಂತು. ಹರದು ಒಲಿಗಿ ಹಾಕಮು ಅಂದೆ. ಮಲ್ಲಾಬಾಯಿ ಬ್ಯಾಡ ಅಂದಳು.

ಅಂಗನವಾಡಿ ಮೇಲ್ವಿಚಾರಕಿ ಅನ್ನಮ್ಮನವರು ಊರಿಗಿ ಬಂದಿದ್ದರು. ಅವರ ಮುಂದ ನಿಮ್ಮ ಕಾಗದ ಇಟ್ಟು, ನನಗ ಓದಾಕ ಬರಂಗಿಲ್ಲ ಅಂತ ಇದರಾಗ ಬರದಾರ ನೋಡ್ರಿ ಅಂತ ಬೆರಳು ಇಟ್ಟು ತೋರಿಸಿದೆ. ಎಲ್ಲಿ ಬರದಾರ ಅಂದರು. ಇಲ್ಲಿ, ಹನ್ನೊಂದನೇ ಕಲಮು, ನಾಕನೇ ಸಾಲು ಅಂದೆ. ಅವರು ನನ್ನ ಮುಖ ನೋಡಿದರು, ಕಾಗದ ನೋಡಿದರು, ನಕ್ಕು ನಕ್ಕು ಕಣ್ಣಾಗ ನೀರ ತಂದರು. ಬ್ಯಾರೆ ಪ್ರಮಾಣಪತ್ರ ಬ್ಯಾಡ, ಇದೇ ಸಾಕು ಅಂತ ಅಲ್ಲೇ ಆರ್ಡರ್ ಬರದು ಕೊಟ್ಟರು.

ಸೋಮವಾರದಿಂದ ಅಂಗನವಾಡಿಗಿ ಹೋಗಾಕತ್ತೇನಿ. ಕಾಲು ಒಣಗ್ಯಾವ. ನಿಮಗ ಸಂತೋಷ ಆಗಿಲ್ಲ ಅಂತ ಬರದಿದ್ದು ಓದಿದೆ, ಅದಕ ಈ ಸುದ್ದಿ ತಿಳಿಸೀನಿ. ಈಗ ಆಗಲಿ.

ಮರಿಲಿಂಗಮ್ಮ ಗಂಡ ಭೀಮರಾಯ

(ಅದರ ಕೆಳಗೆ ಕಚೇರಿಯ ಗುಮಾಸ್ತರ ಟಿಪ್ಪಣಿ:)

ಹೆಬ್ಬೆಟ್ಟಿನ ಗುರುತು ಇಲ್ಲದಿರುವುದರಿಂದ ಸುತ್ತೋಲೆಯು ಸದರಿಯವರಿಗೆ ತಲುಪಿಲ್ಲವೆಂದು ಪರಿಗಣಿಸಲಾಗಿದೆ. ಮತ್ತೊಮ್ಮೆ ಕಳುಹಿಸುವುದು.